ರಾಟರ್‌ಡ್ಯಾಮ್, ಲಂಡನ್, ಬಾಸ್ಟನ್: ವೇಗದ ಓಟಕ್ಕೆ ಯಾವುದು?

ಏಪ್ರಿಲ್‌ನಲ್ಲಿ ವಿದೇಶದಲ್ಲಿ ಮ್ಯಾರಥಾನ್ (42.195 ಕಿ.ಮೀ.) ಓಡಿ ತಮ್ಮ ಅತ್ಯುತ್ತಮ ಸಮಯವನ್ನು ಸುಧಾರಿಸಿಕೊಳ್ಳಬೇಕೆಂದಿರುವವರು ಮೊದಲು ನೋಡಬೇಕಾದದ್ದು ಹಾದಿಯನ್ನು. ರಾಟರ್‌ಡ್ಯಾಮ್‌ನ ಹಾದಿ ಬಹುತೇಕ ಸಮತಟ್ಟಾಗಿದ್ದು, ಎರಾಸ್ಮಸ್ ಸೇತುವೆಯ ಏರು ಮಾತ್ರ ಕಾಲಿಗೆ ತಿಳಿಯುತ್ತದೆ. 1988ರಲ್ಲಿ ಇಥಿಯೋಪಿಯಾದ ಬೆಲಾಯ್ನೆ ಡಿನ್ಸಾಮೊ 2:06:50ರ ವಿಶ್ವದಾಖಲೆ ಬರೆದದ್ದು ಇಲ್ಲಿಯೇ. ಲಂಡನ್ ಕೂಡ ವೇಗದ್ದೇ: ಆರಂಭದ ಕಿಲೋಮೀಟರುಗಳು ಇಳಿಜಾರು, ಬ್ರಿಟನ್‌ನ ಪೌಲಾ ರ‍್ಯಾಡ್‌ಕ್ಲಿಫ್ 2003ರಲ್ಲಿ 2:15:25ರ ಮಹಿಳಾ ವಿಶ್ವದಾಖಲೆ ಬರೆದದ್ದು ಅಲ್ಲಿ. ಆದರೆ ಜನದಟ್ಟಣೆಯಲ್ಲಿ ಒಬ್ಬೊಬ್ಬರನ್ನೇ ದಾಟುತ್ತ ಸಾಗಿದರೆ ಗಡಿಯಾರದ ಲೆಕ್ಕ ಕೈತಪ್ಪುತ್ತದೆ.

ಬಾಸ್ಟನ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಆರಂಭದಿಂದ ಅಂತ್ಯಕ್ಕೆ ಸುಮಾರು 140 ಮೀಟರ್ ಇಳಿಯುವ ಈ ಹಾದಿ ಕಾಗದದ ಮೇಲೆ ಸುಲಭವೆನಿಸಿದರೂ, ಮೊದಲರ್ಧದ ಇಳಿತದಲ್ಲಿ ತೊಡೆಗಳು ಸವೆದ ಮೇಲೆ, ಸುಮಾರು 26ರಿಂದ 34ನೇ ಕಿಲೋಮೀಟರ್‌ವರೆಗೆ ನ್ಯೂಟನ್ ಎಂಬ ಊರಿನ ದಿಬ್ಬಗಳು ಎದುರಾಗುತ್ತವೆ. 2011ರಲ್ಲಿ ಕೀನ್ಯಾದ ಜೆಫ್ರಿ ಮುತಾಯ್ ಅಲ್ಲಿ ಓಡಿದ 2:03:02 ವಿಶ್ವದಾಖಲೆಯಾಗಿ ಮಾನ್ಯವಾಗಲಿಲ್ಲ. ಇಳಿತ ಮತ್ತು ಆರಂಭ-ಅಂತ್ಯಗಳ ಅಂತರ ನಿಯಮಕ್ಕೆ ಹೊಂದುವುದಿಲ್ಲ.

ಪ್ರವೇಶದಲ್ಲಿ ಲಂಡನ್‌ಗೆ ಲಾಟರಿಯ ಅದೃಷ್ಟ ಬೇಕು, ಬಾಸ್ಟನ್‌ಗೆ ಅರ್ಹತಾ ಸಮಯ ಅಥವಾ ದತ್ತಿಸಂಸ್ಥೆಗೆ ನಿಧಿ ಸಂಗ್ರಹ. ಬಾಸ್ಟನ್‌ನಲ್ಲಿ ಬೆಳಿಗ್ಗೆ ಬಸ್ಸಿನಲ್ಲಿ ಓಟ ಆರಂಭವಾಗುವ ಹಾಪ್‌ಕಿಂಟನ್‌ಗೆ ಹೋಗಿ ಬಹಳ ಹೊತ್ತು ಕಾಯಬೇಕು; ರಾಟರ್‌ಡ್ಯಾಮ್‌ನಲ್ಲಿ ಆರಂಭ, ಅಂತ್ಯ ಎರಡೂ ನಗರದ ಮಧ್ಯದಲ್ಲೇ.

ಕೇವಲ ಸಮಯವೇ ಗುರಿಯಾದರೆ ನಾನು ರಾಟರ್‌ಡ್ಯಾಮ್ ಹೇಳುತ್ತೇನೆ. ಪ್ರೇಕ್ಷಕರ ಕೂಗಿನಿಂದ ಹುರುಪು ಪಡೆಯುವವರಿಗೆ ಲಂಡನ್ ಒಪ್ಪುತ್ತದೆ. ಇಳಿಜಾರಿನಲ್ಲಿ ಅಭ್ಯಾಸ ಮಾಡಿ ಅರ್ಹತೆಯನ್ನೂ ಗಳಿಸಿದವರಿಗೆ ಬಾಸ್ಟನ್.