ಸಣ್ಣ ಹೈಸ್ಕೂಲುಗಳ ಫುಟ್‌ಬಾಲ್: ಸಂಖ್ಯೆ ನೋಡಿ ವಿಭಾಗವೋ, 7 ಜನರ ಆಟವೋ?

ಜೊಯಿಡಾ ಕಡೆಯ ಹೈಸ್ಕೂಲಿನಲ್ಲಿ 40 ಹುಡುಗರು, ಕಾರವಾರ ಪೇಟೆಯ ಶಾಲೆಯಲ್ಲಿ 200 ಅಂದುಕೊಳ್ಳಿ. ಇಬ್ಬರನ್ನೂ ಒಂದೇ ಡ್ರಾದಲ್ಲಿ, ಅಂದರೆ ಒಂದೇ ಪಂದ್ಯಪಟ್ಟಿಯಲ್ಲಿ, ಹಾಕುವುದು ಅನ್ಯಾಯ. ಟೂರ್ನಿ ನಡೆಸುವವರಿಗೆ ಎರಡು ದಾರಿಗಳಿವೆ.

ಸಂಖ್ಯೆ ನೋಡಿ ವಿಭಾಗ ಮಾಡುವುದಾದರೆ ಶಾಲೆಯ ಒಟ್ಟು ದಾಖಲಾತಿ ಹಿಡಿಯಬೇಡಿ. 8ರಿಂದ 10ನೇ ತರಗತಿಯ ಹುಡುಗರನ್ನಷ್ಟೇ ಎಣಿಸಿ, 3 ವರ್ಷದ ಸರಾಸರಿ ತೆಗೆಯಿರಿ. ಒಂದೇ ವರ್ಷದ ಲೆಕ್ಕವಾದರೆ, 10ನೇ ತರಗತಿಯ ದೊಡ್ಡ ಬ್ಯಾಚು ಹೊರಬಿದ್ದ ಕೂಡಲೇ ಶಾಲೆ ತಪ್ಪು ವಿಭಾಗದಲ್ಲಿ ಸಿಕ್ಕಿಬೀಳುತ್ತದೆ. ಆದರೆ ಸಂಖ್ಯೆ ಆಟದ ಮಟ್ಟವನ್ನು ಹೇಳುವುದಿಲ್ಲ. ದಿನಾ ಸಂಜೆ ಕಡಲದಂಡೆಯ ಮರಳಲ್ಲಿ ಚೆಂಡು ಒದೆಯುವ ಹುಡುಗರಿರುವ ಪುಟ್ಟ ಶಾಲೆ ದೊಡ್ಡವರನ್ನೂ ಮಣಿಸೀತು. ಹಾಗಾಗಿ ಸತತ 2 ವರ್ಷ ಗೆದ್ದ ತಂಡ ಮೇಲಿನ ವಿಭಾಗಕ್ಕೆ ಎಂಬ ನಿಯಮ ಬೇಕೇ ಬೇಕು.

11 ಜನರ ಪಂದ್ಯದಲ್ಲಿ ತಂಡ 7ಕ್ಕಿಂತ ಕೆಳಗಿಳಿದರೆ ಆಟ ಮುಂದುವರಿಸುವಂತಿಲ್ಲ. ಹೀಗಾಗಿ ಸಣ್ಣ ಶಾಲೆ ತಂಡ ತುಂಬಿಸಲು 8ನೇ ತರಗತಿಯ ಎಳೆಯರನ್ನೂ ಇಳಿಸುತ್ತದೆ. 10ನೆಯವರಿಗೆ ಡಿಕ್ಕಿಯಾಗಿ ಪೆಟ್ಟಾಗುವುದು ಆ ಎಳೆಯರಿಗೇ. 7 ಜನರ ಆಟಕ್ಕೆ ಬದಲಿಯವರೂ ಸೇರಿ 10 ಮಂದಿ ಸಾಕು, ಮೈದಾನ 55 ಮೀಟರ್ ಉದ್ದ, 36 ಮೀಟರ್ ಅಗಲವಿದ್ದರೆ ಆಯಿತು. ಗೋಲಿನ ಅಗಲವನ್ನು ಮಾತ್ರ 11 ಜನರ ಆಟದ 7.32 ಮೀಟರಿಗೇ ಬಿಡಬೇಡಿ, 5 ಮೀಟರಿಗೆ ತನ್ನಿ. ಇಲ್ಲವಾದರೆ ಗೋಲ್‌ಕೀಪರ್ ಪಾಡು ಬೇಡ.

ಹುಡುಗರು 60ರೊಳಗಿದ್ದರೆ 7 ಜನರ ಆಟವೇ ಸರಿ. ಅದಕ್ಕಿಂತ ಹೆಚ್ಚಿದ್ದರೆ ಸಂಖ್ಯೆಯ ವಿಭಾಗ.