ಮಕ್ಕಳ ಮೂತ್ರದಲ್ಲಿ ಪ್ರೋಟೀನ್ ನೋಡುವ ಸ್ಟ್ರಿಪ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ನಮ್ಮ ಮಗನಿಗೆ ನಾಲ್ಕು ವರ್ಷ ತುಂಬಿದ ಹೊಸತರಲ್ಲಿ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು ಕಾಣಿಸತೊಡಗಿತು. ಸಂಜೆಯ ಹೊತ್ತಿಗೆ ಅದು ಇಳಿಯುತ್ತಿದ್ದುದರಿಂದ ನಾವು ಅಲರ್ಜಿ ಎಂದುಕೊಂಡೆವು. ಅತ್ತೆಯವರು ಎರಡು ಸಲ ದೃಷ್ಟಿ ತೆಗೆದರು. ಚಡ್ಡಿಯ ಇಲಾಸ್ಟಿಕ್ ಹೊಟ್ಟೆಯ ಮೇಲೆ ಆಳವಾದ ಗೆರೆ ಮೂಡಿಸುವಷ್ಟು ಊತ ಬಂದಾಗ ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿ ನೆಫ್ರೋಟಿಕ್ ಸಿಂಡ್ರೋಮ್, ಅಂದರೆ ಕಿಡ್ನಿಯಿಂದ ಪ್ರೋಟೀನ್ ಮೂತ್ರಕ್ಕೆ ಸೋರಿಹೋಗುವ ಕಾಯಿಲೆ, ಎಂದರು. ಅಂದಿನಿಂದ ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ದಿನ ಶುರುವಾಗುವುದೇ ಸ್ಟ್ರಿಪ್ ಅದ್ದುವುದರಿಂದ. ಇಷ್ಟು ದಿನಗಳಲ್ಲಿ ಮೂರು ಬಗೆಯ ಡಬ್ಬಿಗಳನ್ನು ಖಾಲಿ ಮಾಡಿರುವುದರಿಂದ, ಹೊಸದಾಗಿ ಈ ದಾರಿಗೆ ಬಿದ್ದ ತಂದೆತಾಯಿಯರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಸ್ಟ್ರಿಪ್‌ನ ತುದಿಯಲ್ಲಿರುವ ಹಳದಿ ಚೌಕದಲ್ಲಿ ಒಂದು ಬಣ್ಣದ ರಾಸಾಯನಿಕವಿದೆ. ಮೂತ್ರದಲ್ಲಿ ಪ್ರೋಟೀನ್, ಅದರಲ್ಲೂ ಆಲ್ಬುಮಿನ್ ಇದ್ದರೆ ಅದು ಹಸಿರಿಗೆ ತಿರುಗುತ್ತದೆ. ಹೆಚ್ಚಿದ್ದಷ್ಟೂ ಹಸಿರು ಗಾಢವಾಗಿ ನೀಲಿಯ ಕಡೆಗೆ ಹೋಗುತ್ತದೆ. ಒಂದು ಪ್ಲಸ್ ಎಂದರೆ ಡೆಸಿಲೀಟರಿಗೆ ಸುಮಾರು 30 ಮಿ.ಗ್ರಾಂ, ಎರಡು ಪ್ಲಸ್ 100, ಮೂರು ಪ್ಲಸ್ 300. ಅದ್ದಿ ತೆಗೆದು, ಅಂಚನ್ನು ಬಟ್ಟಲಿನ ಬಾಯಿಗೆ ತಾಗಿಸಿ ಹನಿ ಇಳಿಸಿ, ನಮ್ಮ ಡಬ್ಬಿಯ ಮೇಲಿರುವಂತೆ 60 ಸೆಕೆಂಡಿಗೆ ಸರಿಯಾಗಿ ಬಣ್ಣ ಹೋಲಿಸಬೇಕು. ಹಾಲು ಉಕ್ಕಿತೆಂದು ಓಡಿಹೋಗಿ ಐದು ನಿಮಿಷ ಬಿಟ್ಟು ಬಂದು ನೋಡಿದ ಬಣ್ಣಕ್ಕೆ ಬೆಲೆಯಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಟ್ರೇಸ್ (ಒಂದು ಪ್ಲಸ್‌ಗಿಂತ ಕಡಿಮೆ, ಬರೀ ಸುಳಿವು) ಮತ್ತು ಒಂದು ಪ್ಲಸ್‌ಗಳ ನಡುವಿನ ವ್ಯತ್ಯಾಸ ನನಗೆ ಇಂದಿಗೂ ತಿಳಿಯುವುದಿಲ್ಲವಾದ್ದರಿಂದ ಹಿತ್ತಲ ಬಾಗಿಲಿಗೆ ಬಂದು ಬೆಳಕಿನಲ್ಲೇ ನೋಡುತ್ತೇನೆ. ಮಗನೂ ಹಿಂದೆಯೇ ಬಂದು, “ಅವ್ವಾ, ಇವತ್ತ ಹಳದಿ ಐತೇನ?” ಎಂದು ಕೇಳುತ್ತಾನೆ.

ಈ ವಸ್ತುವಿನ ನಿಜವಾದ ಬೆಲೆ ನನಗೆ ಗೊತ್ತಾಗಿದ್ದು ಕಳೆದ ಮಳೆಗಾಲದಲ್ಲಿ. ನೆಗಡಿಯ ಬೆನ್ನಿಗೇ ಒಂದು ಬೆಳಿಗ್ಗೆ ಮೂರು ಪ್ಲಸ್ ಬಂತು, ಮರುದಿನವೂ ಅಷ್ಟೇ, ಮೂರನೆಯ ದಿನವೂ ಅಷ್ಟೇ. ಸತತ ಮೂರು ದಿನ ಮೂರು ಪ್ಲಸ್ ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕಾಯಿಲೆ ಮರುಕಳಿಸಿದಂತೆ, ಸತತ ಮೂರು ದಿನ ಏನೂ ಇಲ್ಲದಿದ್ದರೆ ಅಥವಾ ಟ್ರೇಸ್ ಮಾತ್ರವಿದ್ದರೆ ಶಮನವಾದಂತೆ ಎಂದು ವೈದ್ಯರು ಮೊದಲೇ ಹೇಳಿದ್ದರಿಂದ ಫೋನ್ ಮಾಡಿದೆ, ಅವರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಔಷಧಿಯನ್ನು ಮತ್ತೆ ಶುರು ಮಾಡಿಸಿದರು. ಮುಖದಲ್ಲಿ ಆಗಿನ್ನೂ ಬಾವಿನ ಸುಳಿವೇ ಇರಲಿಲ್ಲ. ಮಕ್ಕಳ ಕಿಡ್ನಿ ತಜ್ಞರನ್ನು ಕಾಣಲು ಬೆಳಗಾವಿಗೆ ಮೂರು ತಾಸಿಗೂ ಹೆಚ್ಚು ಬಸ್ಸಿನಲ್ಲಿ ಹೋಗಬೇಕಾದ ನಮಗೆ ಇದು ಸಣ್ಣ ಅನುಕೂಲವಲ್ಲ.

ಮೊದಲು ನಾನು ಹತ್ತು ಚೌಕಗಳ ಸ್ಟ್ರಿಪ್ ಕೊಂಡಿದ್ದೆ, ಹೆಚ್ಚು ತೋರಿಸಿದಷ್ಟೂ ಒಳ್ಳೆಯದಲ್ಲವೇ ಎಂಬ ಲೆಕ್ಕದಲ್ಲಿ. ದಿನಕ್ಕೊಂದು ಹೊಸ ಗಾಬರಿ ಬಿಟ್ಟರೆ ಅದರಿಂದ ಸಿಕ್ಕಿದ್ದೇನೂ ಇಲ್ಲ: ಬೇರೆ ಬೇರೆ ಚೌಕಗಳಿಗೆ ಬೇರೆ ಬೇರೆ ಸಮಯ, ಪಕ್ಕದ ಚೌಕದ ನೀರು ಇತ್ತ ಹರಿದರೆ ಬಣ್ಣ ಕಲಸಿಹೋಗುವುದು. ಪ್ರೋಟೀನ್ ಮತ್ತು ಸಕ್ಕರೆ ಎರಡನ್ನೇ ನೋಡುವ ಸ್ಟ್ರಿಪ್ ಸಾಕು. ನೂರು ಸ್ಟ್ರಿಪ್‌ಗಳ ಡಬ್ಬಿ ಕೊಂಡರೆ ನಮಗೆ ದಿನಕ್ಕೆ ಹತ್ತು ರೂಪಾಯಿಗಿಂತ ಕಡಿಮೆ ಬೀಳುತ್ತದೆ.

ನಮ್ಮ ಊರಿನವರಿಗೆ ದೊಡ್ಡ ತೊಡಕು ಬಿಸಿಲು. ಡಬ್ಬಿಯ ಮೇಲೆ 30 ಡಿಗ್ರಿಗಿಂತ ಕೆಳಗೆ ಇಡಬೇಕೆಂದು ಬರೆದಿರುತ್ತದೆ. ಏಪ್ರಿಲ್‌–ಮೇ ತಿಂಗಳಲ್ಲಿ ನಮ್ಮಲ್ಲಿ ಉಷ್ಣಾಂಶ 40ರ ಆಸುಪಾಸಿನಲ್ಲಿರುತ್ತದೆ. ಫ್ರಿಜ್ಜಿನಲ್ಲಿಟ್ಟರೆ ತೇವ ಹಿಡಿದು ಕೆಡುತ್ತದೆ. ಅಡುಗೆಮನೆಯ ಕಟ್ಟೆಯ ಮೇಲೆ, ಮುಚ್ಚಳ ಸಡಿಲವಾಗಿ, ನಾನು ಬಿಟ್ಟಿದ್ದ ಅರ್ಧ ಡಬ್ಬಿ ಅದ್ದುವ ಮೊದಲೇ ಬಣ್ಣಗೆಟ್ಟು ತಿಪ್ಪೆ ಸೇರಿತು. ಈಗ ನಡುಮನೆಯ ಗೋಡೆಯ ಮಾಡದಲ್ಲಿ, ನೀರಿನ ಹರವಿಯ ಪಕ್ಕದ ತಂಪಿನಲ್ಲಿ, ಒಳಗಿನ ತೇವ ಹೀರುವ ಪುಡಿಯ ಚೀಲ ತೆಗೆಯದೆ, ಬಿಗಿಯಾಗಿ ಮುಚ್ಚಿ ಇಡುತ್ತೇನೆ.

ಸ್ಟ್ರಿಪ್ ತೋರಿಸುವುದು ಸಾಂದ್ರತೆಯನ್ನು ಮಾತ್ರ. ಮಗು ಹೆಚ್ಚು ನೀರು ಕುಡಿದಿದ್ದರೆ ಇರುವುದಕ್ಕಿಂತ ಕಡಿಮೆ, ನೀರೇ ಕುಡಿಯದಿದ್ದರೆ ಹೆಚ್ಚು ಕಾಣಬಹುದು. ಅದಕ್ಕಾಗಿಯೇ ಲ್ಯಾಬ್‌ನಲ್ಲಿ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ ಮಾಡಿಸುತ್ತಾರೆ, ಅಂದರೆ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮೂತ್ರಕ್ಕೆ ಹೋಗುವ ಕ್ರಿಯಾಟಿನಿನ್ ಎಂಬ ತ್ಯಾಜ್ಯಕ್ಕೆ ಪ್ರೋಟೀನನ್ನು ಹೋಲಿಸಿ ನೋಡುತ್ತಾರೆ. ಎರಡು ವರ್ಷ ಮೇಲ್ಪಟ್ಟ ಮಕ್ಕಳಲ್ಲಿ ಅದು 0.2ಕ್ಕಿಂತ ಕಡಿಮೆ ಇರಬೇಕು, 2ನ್ನು ದಾಟಿದರೆ ನೆಫ್ರೋಟಿಕ್ ಮಟ್ಟ. ಊರಿನ ಒಂದು ಲ್ಯಾಬ್‌ನಲ್ಲಿ ಚೀಟಿಯಲ್ಲಿ ಅನುಪಾತವೆಂದು ಸ್ಪಷ್ಟವಾಗಿ ಬರೆದಿದ್ದರೂ ಸಾಮಾನ್ಯ ಮೂತ್ರ ಪರೀಕ್ಷೆ ಮಾಡಿ “ಪ್ರೋಟೀನ್ ಎರಡು ಪ್ಲಸ್” ಎಂದು ಕೊಟ್ಟರು. ಮನೆಯಲ್ಲೇ ಗೊತ್ತಾಗುವುದಕ್ಕೆ ಹಣ ಕೊಟ್ಟು ಬಂದಂತಾಯಿತು. ಆಟವಾಡಿ ಬಂದ ಮಗುವಿನ ಮಧ್ಯಾಹ್ನದ ಮೂತ್ರವನ್ನು ತೆಗೆದುಕೊಳ್ಳುವಾಗಲೂ ಅಲ್ಲಿ ಯಾರೂ ಬೇಡವೆನ್ನಲಿಲ್ಲ. ಕೆಲವು ಮಕ್ಕಳಿಗೆ ಓಡಾಡಿದಾಗಷ್ಟೇ ಪ್ರೋಟೀನ್ ಹೋಗುವುದುಂಟು, ಆದ್ದರಿಂದ ಎದ್ದ ಕೂಡಲೇ ಮಾಡಿದ ಮೂತ್ರವನ್ನೇ ಒಯ್ಯಬೇಕು.

ಕಿಡ್ನಿಗೆ ಪೆಟ್ಟಾದಾಗ ಮೂತ್ರದಲ್ಲಿ ಹೆಚ್ಚುವ ಎನ್‌ಗಾಲ್, ಕಿಮ್‌–1 ಎಂಬ ಹೊಸ ಸೂಚಕಗಳ ಬಗ್ಗೆಯೂ ಮಾತು ಕೇಳಿಬರುತ್ತಿದೆ. ಮೂತ್ರದ ಎನ್‌ಗಾಲ್ ಪರೀಕ್ಷೆಯೊಂದಕ್ಕೆ 2023ರ ಡಿಸೆಂಬರಿನಲ್ಲಿ ಅಮೆರಿಕ ಮಕ್ಕಳಿಗಾಗಿ ಅನುಮತಿ ಕೊಟ್ಟಿತು. ಅದು ತೀವ್ರ ನಿಗಾ ಘಟಕದಲ್ಲಿರುವ ಮಕ್ಕಳ ಕಿಡ್ನಿಗೆ ಹಠಾತ್ತಾಗಿ ಪೆಟ್ಟು ಬೀಳುವುದನ್ನು ಬೇಗ ಅಂದಾಜಿಸಲು. ನಮ್ಮಂಥವರ ದಿನನಿತ್ಯದ ನಿಗಾಕ್ಕೆ ಅದರ ಅಗತ್ಯವಿಲ್ಲ. ಯಾರಾದರೂ ದುಬಾರಿ ಪ್ಯಾಕೇಜ್ ಮಾರಲು ಬಂದರೆ ವೈದ್ಯರನ್ನು ಕೇಳದೆ ಮಾಡಿಸಬೇಡಿ.

ಔಷಧಿ ಅಂಗಡಿಯಲ್ಲಿ ಡಬ್ಬಿ ಕೈಗೆ ಬಂದಾಗ ಅವಧಿ ಮುಗಿಯುವ ತಿಂಗಳನ್ನು ಅಲ್ಲೇ ನೋಡಿ, ತೆರೆದ ದಿನ ಪೆನ್ನಿನಿಂದ ತಾರೀಖು ಬರೆಯಿರಿ. ಬಿಡಿ ಸ್ಟ್ರಿಪ್‌ಗಳನ್ನು ಕಾಗದದಲ್ಲಿ ಸುತ್ತಿ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಫಲಿತಾಂಶ ಬರೆಯಲು ನಾನು ಬಳಸುವುದು ಗೋಡೆಯ ಕ್ಯಾಲೆಂಡರನ್ನೇ. ಒಂದೊಂದು ತಾರೀಖಿನ ಮನೆಯಲ್ಲಿ ಒಂದು ಸೊನ್ನೆ ಅಥವಾ ಪ್ಲಸ್. ತಿಂಗಳು ಮುಗಿದ ಮೇಲೆ ಹಾಳೆ ಹರಿದು ಮಗನ ಫೈಲಿಗೆ ಸೇರಿಸುತ್ತೇನೆ, ವೈದ್ಯರು ಮೊದಲು ತೆರೆದು ನೋಡುವುದು ಆ ಹಾಳೆಗಳನ್ನೇ.