ಹಳೇ 40 ಎಚ್‌ಪಿ ಔಟ್‌ಬೋರ್ಡಿಗೆ 11 ಪಿಚ್ ಫ್ಯಾನ್: ಒಂದೆರಡು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಈ ಫ್ಯಾನ್, ಅಂದರೆ ದೋಣಿಯ ಹಿಂದೆ ತೂಗುಹಾಕುವ ಔಟ್‌ಬೋರ್ಡ್ ಮೋಟರಿನ ಪ್ರೊಪೆಲ್ಲರ್, ಹಾಕಿದ ದಿನ ದೋಣಿಯ ಟಾಪ್ ಸ್ಪೀಡ್ ಏನೂ ಜಾಸ್ತಿ ಆಗಲಿಲ್ಲ. ಆದರೂ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ.

ನನ್ನದು 17 ಅಡಿಯ ಫೈಬರ್ ದೋಣಿ, ಹಂಗಾರಕಟ್ಟೆಯಲ್ಲಿ ಕಟ್ಟಿರುತ್ತೇನೆ. ರಜೆ ಸಿಕ್ಕರೆ ಗಾಳ ಹಾಕಲಿಕ್ಕೆ ಕೋಡಿ ಬೆಂಗ್ರೆ ಅಳಿವೆ ದಾಟಿ ಹೋಗುವುದು, ಕಡಲು ಶಾಂತ ಇದ್ದರೆ ಸೇಂಟ್ ಮೇರೀಸ್ ದ್ವೀಪದ ಕಡೆಗೆ. ಮೋಟರ್ ಹಳೇ ಟೂ-ಸ್ಟ್ರೋಕ್, ಸೆಕೆಂಡ್ ಹ್ಯಾಂಡ್ ದೋಣಿಯ ಜೊತೆಗೇ ಬಂದದ್ದು. ಇಬ್ಬರಿದ್ದರೆ ಹೇಗೋ ಓಡುತ್ತಿತ್ತು. ಮೂರನೆಯವನು ಹತ್ತಿ ಐಸ್ ಪೆಟ್ಟಿಗೆ ಇಟ್ಟರೆ ಮುಗೀತು. ಮೂತಿ ಮೇಲೆ ಮಾಡಿಕೊಂಡು ನೀರು ತಳ್ಳುತ್ತಲೇ ಇರುತ್ತಿತ್ತು, ನೀರಿನ ಮೇಲಕ್ಕೆ ಏಳುತ್ತಿರಲಿಲ್ಲ.

ಮಲ್ಪೆಯ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಕಂಪ್ರೆಶನ್ ನೋಡಿದರು. ಸಿಲಿಂಡರುಗಳ ನಡುವೆ ವ್ಯತ್ಯಾಸ 10% ಒಳಗೇ ಇತ್ತು. ಕಾರ್ಬೊರೇಟರ್ ಕೂಡ ಶುದ್ಧ. ಆಮೇಲೆ ಪ್ಲಗ್ ವಯರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ ಹಾಕಿ ಹೊಳೆಯಲ್ಲಿ ಪೂರ್ತಿ ಥ್ರಾಟಲ್ ಕೊಡಿಸಿದರು. 4,300 ದಾಟಲಿಲ್ಲ. ಈ ಮೋಟರ್ 4,500ರಿಂದ 5,500ರ ಒಳಗೆ ತಿರುಗಬೇಕು. "ಇಂಜಿನಿಗೆ ಎಂತ ಆಗ್ಲಿಲ್ಲ ಮಾರಾಯ್ರೆ. ಫ್ಯಾನ್ ಭಾರ ಉಂಟು, ಅಷ್ಟೇ" ಅಂದರು.

ಹಳೇ ಫ್ಯಾನಿನ ನಡುವೆ 13 ಅಂತ ಅಚ್ಚು ಒತ್ತಿತ್ತು. ಅಂದರೆ ಜಾರದೆ ಒಂದು ಸುತ್ತು ತಿರುಗಿದರೆ 13 ಇಂಚು ಮುಂದೆ ಹೋಗುವ ಲೆಕ್ಕ, ಇದೇ ಪಿಚ್. ಪಿಚ್ ಜಾಸ್ತಿ ಇದ್ದರೆ ಸ್ಪೀಡೂ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಇಂಜಿನ್ ಅದನ್ನು ತಿರುಗಿಸಬೇಕಲ್ವಾ? ತುಂಬಿದ ದೋಣಿಗೆ 13 ಹಾಕುವುದೆಂದರೆ ಆಗುಂಬೆ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತಿಸಿದ ಹಾಗೆ. ಪಿಚ್ ಒಂದು ಇಂಚು ಇಳಿದರೆ ಆರ್‌ಪಿಎಂ ಸುಮಾರು 150ರಿಂದ 200 ಏರುತ್ತದೆ. ಹಾಗಾಗಿ 11 ತರಿಸಿದೆ. ಅಲ್ಯೂಮಿನಿಯಂ, ಮೂರು ಎಲೆ, ಹತ್ತು ಸಾವಿರದ ಆಸುಪಾಸು.

ಹಾಕಿದ ಮೇಲೆ ಮೀಟರ್ 4,700 ತೋರಿಸಿತು. ಸ್ಪೀಡ್ ಮಾತ್ರ ಅದೇ 33 ಕಿ.ಮೀ. ಆದರೆ ಮೂರು ಜನ ಕೂತರೂ ದೋಣಿ ಸರಕ್ಕನೆ ಮೇಲೆದ್ದಿತು. ಅಳಿವೆಯಲ್ಲಿ ಅಲೆ ಬೆನ್ನಿಗೆ ಬರುವಾಗ ಇದೇ ಮುಖ್ಯ.

ಸ್ಪೀಡ್ ಸಿಕ್ಕಿದ್ದು ಇನ್ನೊಂದು ಕಡೆ. ಫ್ಯಾನಿನ ಮೇಲುಗಡೆ ಒಂದು ಚಪ್ಪಟೆ ಪ್ಲೇಟ್ ಇರುತ್ತದಲ್ಲ, ಅದು ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಮೇಲಿರಬೇಕು. ನನ್ನದು ಕೆಳಗೆ ಇಳಿದು ಕೂತಿತ್ತು. ಮೋಟರಿನ ಕಾಲು ಸುಮ್ನೆ ನೀರಿನಲ್ಲಿ ಎಳೆದಾಡುತ್ತಿತ್ತು. ಮೋಟರ್ ಕೂರುವ ಹಿಂದಿನ ಹಲಗೆಯ ಮೇಲೆ ಮರದ ಪಟ್ಟಿ ಇಟ್ಟು ಮೋಟರನ್ನು ಒಂದೂವರೆ ಇಂಚು ಎತ್ತಿದೆವು. ಅದೇ ವಾರ ತಳಕ್ಕೆ ಅಂಟಿದ್ದ ಚಿಪ್ಪೆಲ್ಲ ಕೆರೆದು ತೆಗೆದೆವು. ಅದರ ನಂತರ 5,200 ಆರ್‌ಪಿಎಂ, 37 ಕಿ.ಮೀ. ಅಳಿವೆ ಹತ್ತಿರದ ಹೊಳೆಯಲ್ಲಿ ಉಬ್ಬರ ಇಳಿತದ ಸೆಳೆತ ಇರುವುದರಿಂದ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಮೊಬೈಲ್ ಜಿಪಿಎಸ್‌ನಲ್ಲಿ ನೋಡಿ ಸರಾಸರಿ ತೆಗೆಯಿರಿ. ಇಲ್ಲದಿದ್ದರೆ ಹೊಳೆಯ ಸ್ಪೀಡನ್ನೂ ಮೋಟರಿನ ಲೆಕ್ಕಕ್ಕೆ ಸೇರಿಸುತ್ತೀರಿ.

ಗೇರು 2:1 (ಇಂಜಿನ್ ಎರಡು ಸುತ್ತಿಗೆ ಫ್ಯಾನ್ ಒಂದು ಸುತ್ತು) ಇರುವುದರಿಂದ 5,200ಕ್ಕೆ 11 ಪಿಚ್‌ನಲ್ಲಿ ಕಾಗದದ ಮೇಲೆ ಬರಬೇಕಾದದ್ದು ಸುಮಾರು 43.6 ಕಿ.ಮೀ. ಅಂದರೆ 15% ಜಾರಿಕೆ. ಹಳೇ 13ರ ಫ್ಯಾನಿನಲ್ಲಿ ಅದು 23% ಇತ್ತು. ಮೋಟರನ್ನು ಇನ್ನೂ ಎತ್ತಿದರೆ ತಿರುವಿನಲ್ಲಿ ಫ್ಯಾನ್ ಗಾಳಿ ಹಿಡಿಯುತ್ತದೆ. ಇಂಜಿನ್ ಕಿರುಚುತ್ತದೆ, ದೋಣಿ ನಿಂತೇಬಿಡುತ್ತದೆ. ಎತ್ತಿದ ಮೇಲೆ ಹಿಂದಿನಿಂದ ಚಿಮ್ಮುವ ಕೂಲಿಂಗ್ ನೀರು ಮೊದಲಿನಷ್ಟೇ ಜೋರಾಗಿ ಬರುತ್ತಿದೆಯಾ ಅಂತಲೂ ನೋಡಿ.

ಪೆಟ್ರೋಲ್ ಲೆಕ್ಕ: ಮುಕ್ಕಾಲು ಥ್ರಾಟಲ್‌ನಲ್ಲಿ ಲೀಟರಿಗೆ 1.8 ಕಿ.ಮೀ. ಸಿಗುತ್ತಿದ್ದದ್ದು ಈಗ 2.3ರ ಹತ್ತಿರ. ಪೂರ್ತಿ ತಿರುಗಿಸಿದರೆ ಟೂ-ಸ್ಟ್ರೋಕ್ ಕುಡಿದೇ ಕುಡಿಯುತ್ತದೆ, ಅದಕ್ಕೆ ಯಾವ ಫ್ಯಾನೂ ಮದ್ದಲ್ಲ. ಬಂಕಿನಲ್ಲಿ ಸಿಗುವುದು ಇ20, ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್, ಹೆಚ್ಚಿನ ಔಟ್‌ಬೋರ್ಡ್ ಕೈಪಿಡಿಗಳು ಒಪ್ಪುವುದು 10% ಎಥನಾಲ್ ಮಾತ್ರ. ಎಥನಾಲ್ ನೀರು ಹೀರುತ್ತದೆ, ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಪೈಪು ಬದಲಿಸಿ, ನೀರು ಬೇರೆ ಮಾಡುವ ಫಿಲ್ಟರ್ ಹಾಕಿದ್ದೇನೆ. ದಡಕ್ಕೆ ಬಂದ ಮೇಲೆ ಪೈಪ್ ಕಳಚಿ ಕಾರ್ಬೊರೇಟರ್ ಖಾಲಿ ಆಗುವವರೆಗೆ ಓಡಿಸುತ್ತೇನೆ, ಸಿಹಿನೀರಿನಲ್ಲಿ ಇಟ್ಟುಕೊಂಡೇ. ಉಪ್ಪೂ ತೊಳೆದು ಹೋಗುತ್ತದೆ.

ಒಂದು ಸ್ಟಾರ್ ಕತ್ತರಿಸಿದ್ದು ಪೇಂಟಿಗೆ. ಮೊದಲ ಮಳೆಗಾಲಕ್ಕೆ ಮುಂಚೆಯೇ ಎಲೆಯ ತುದಿಯಲ್ಲಿ ಬಣ್ಣ ಎದ್ದು, ಒಳಗೆ ಬಿಳಿ ಪುಡಿ ಕಾಣಿಸಿತು. ಬೆರಳಾಡಿಸಿದರೆ ಮರಳು ಕಾಗದದ ಹಾಗೆ ತರಿತರಿ. ಮಾರಿದವರಿಗೆ ಫೋಟೋ ಕಳಿಸಿದೆ, ಉತ್ತರ ಇಲ್ಲ. ಉಪ್ಪುನೀರಿನ ಸವೆತವನ್ನು ಮೋಟರಿನ ಬದಲು ತಾನು ತಿನ್ನುವ ಜಿಂಕ್ ತುಂಡು ಬದಲಿಸಿ ನಾನೇ ಬಣ್ಣ ಹೊಡೆದೆ, ಈಗ ತೊಂದರೆ ಇಲ್ಲ.

ಸ್ಟೀಲ್ ಫ್ಯಾನ್ ಯಾಕಲ್ಲ ಅಂತ ಗೆಳೆಯರು ಕೇಳುತ್ತಾರೆ. ಎಲೆ ತೆಳು, ಬಾಗುವುದಿಲ್ಲ, ತುಸು ಸ್ಪೀಡೂ ಸಿಗಬಹುದು. ಆದರೆ ನಮ್ಮ ಅಳಿವೆಯ ಮರಳು ದಿಬ್ಬ ವರ್ಷವರ್ಷ ಜಾಗ ಬದಲಿಸುತ್ತದೆ, ದ್ವೀಪದ ಸುತ್ತ ಕಲ್ಲು. ತಾಗಿದರೆ ಅಲ್ಯೂಮಿನಿಯಂ ಎಲೆ ಮಡಚಿ ಪೆಟ್ಟು ತಿನ್ನುತ್ತದೆ. ಸ್ಟೀಲ್ ಆದರೆ ಆ ಪೆಟ್ಟು ಗೇರಿಗೆ ಹೋಗುತ್ತದೆ. ಪ್ಲೇಟಿಗೆ ಬೋಲ್ಟ್ ಮಾಡುವ ಪ್ಲಾಸ್ಟಿಕ್ ರೆಕ್ಕೆಯನ್ನೂ ಹಾಕಿ ನೋಡಿದೆ. ಮೋಟರ್ ಎತ್ತಿದ ಮೇಲೆ ಅದರಿಂದ ಉಪಯೋಗ ಕಾಣಲಿಲ್ಲ, ತೆಗೆದಿಟ್ಟಿದ್ದೇನೆ. ಬೇಕಾದವರು ಬಂದು ಒಯ್ಯಬಹುದು.

ಕೊಳ್ಳುವವರು ಮೊದಲು ಮೀಟರ್ ಹಾಕಿ ನೋಡಿ. ನಿಮ್ಮದು ಈಗಲೇ 5,300 ತಿರುಗುತ್ತಿದ್ದರೆ ಈ ಫ್ಯಾನ್ ಬೇಡ, ಇಂಜಿನ್ ಮಿತಿ ಮೀರುತ್ತದೆ. ಶಾಫ್ಟಿನ ಹಲ್ಲು ಎಣಿಸಿ ಆರ್ಡರ್ ಮಾಡಿ. 13ರ ಹಳೇ ಫ್ಯಾನನ್ನು ಗುಜರಿಗೆ ಹಾಕಬೇಡಿ. ಒಂದು ನಟ್, ಎರಡು ಸ್ಪ್ಲಿಟ್ ಪಿನ್, ಒಂದು ಪಾನಾ ಜೊತೆಗೆ ದೋಣಿಯಲ್ಲೇ ಇರಲಿ.